ರಟ್ಟಿನ ಹಿಂದೆ ಬಿದ್ದ ಒಂದು

ಹಿತ್ತಾಳೆಯ ಒಂದು ಕಿಲೋ ತೂಕದ ಬಟ್ಟನ್ನು ಬಟ್ಟೆಯಲ್ಲಿ ಹಿಡಿದು ಅಂಗಡಿಯ ತಕ್ಕಡಿಯ ಮೇಲಿಡುವಾಗ ಅವಳ ಕೈ ಹದಿನಾರು ವರ್ಷಗಳಲ್ಲಿ ಒಮ್ಮೆಯೂ ನಡುಗಿರಲಿಲ್ಲ, ಈ ಶನಿವಾರ ನಡುಗಿತು. ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಬೆವರು ಹತ್ತಿದರೆ ಬಟ್ಟು ಸುಳ್ಳು ಹೇಳಲು ಕಲಿಯುತ್ತದೆ ಎಂದು ತೂಕ ಮತ್ತು ಅಳತೆ ಇಲಾಖೆಗೆ ಸೇರಿದ ದಿನವೇ ಹಿರಿಯ ಇನ್ಸ್‌ಪೆಕ್ಟರ್ ಒಬ್ಬರು ಹೇಳಿಕೊಟ್ಟಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅವಳು ಬಟ್ಟೆ ಮರೆತವಳಲ್ಲ. ನಡುಕಕ್ಕೆ ಕಾರಣ ಮನೆಯಲ್ಲಿತ್ತು: ಸೋಮವಾರ ಬೆಳಿಗ್ಗೆ ಚಹಾದ ಲೋಟ ಕೆಳಗಿಡುತ್ತ ಅತ್ತೆ ‘ಮೂರಾ?’ ಅಂದಿದ್ದರು. ಅಷ್ಟೇ. ಏನು ಮೂರು, ಯಾವ ಮೂರು ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ಉತ್ತರವಾಗಿಬಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವಳು ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ಮತ್ತೆ ತೊಳೆದಿದ್ದಳು. ಈಗ ಅಂಗಡಿಯ ತಕ್ಕಡಿಯ ಕೆಂಪು ಅಂಕಿಗಳು ಒಂದಿಷ್ಟು ಓಲಾಡಿ ಒಂಬೈನೂರ ಎಂಬತ್ತೈದರಲ್ಲಿ ನಿಂತವು. ಮತ್ತೊಮ್ಮೆ ಇಟ್ಟಳು. ಒಂಬೈನೂರ ಎಂಬತ್ತೈದು.

ಅದು ಮೊಳೆ, ತಿರುಪು, ಬೀಗ, ಸರಪಳಿ ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದ ಹೆಂಗಸು ಅವಳದೇ ವಯಸ್ಸಿನವಳು, ಕೈಗೆ ತುಕ್ಕಿನ ಬಣ್ಣ ಹತ್ತಿತ್ತು. ಸಾವಿರ ಗ್ರಾಮಿಗೆ ಹದಿನೈದು ಕಡಿಮೆ ತೋರಿಸುತ್ತದೆ ಅಂದರೆ ಕಿಲೋ ಮೊಳೆ ಕೊಂಡವರಿಗೆ ಹದಿನೈದು ಗ್ರಾಂ ಪುಕ್ಕಟೆ. ಇಂಥ ತಕ್ಕಡಿ ಸಿಗುವುದು ಅಪರೂಪ. ‘ಗೊತ್ತಿತ್ತಾ ನಿಮಗೆ?’ ಎಂದು ಕೇಳಿದಳು. ‘ಗೊತ್ತಿತ್ತು ಮೇಡಂ. ಗಿರಾಕಿಗೆ ಜಾಸ್ತಿನೇ ಹೋಗ್ತಿದೆಯಲ್ಲ, ನನ್ನ ಕೈಯಿಂದ ಹೋದ್ರೆ ಯಾರಿಗೇನು ತೊಂದರೆ?’ ‘ಜಾಸ್ತಿ ಹೋದ್ರೂ ತಪ್ಪೇ. ತಕ್ಕಡಿ ಯಾರ ಕಡೆಗೂ ವಾಲಬಾರದು.’ ಬಾಯಿಪಾಠದ ಮಾತು, ಸಲೀಸಾಗಿ ಬಂತು. ಆ ಹೆಂಗಸು, ಸೀಲು ಕೀಳುತ್ತಿದ್ದ ಅವಳ ಕೈಯನ್ನೇ ನೋಡುತ್ತ, ‘ನಿಜ ಹೇಳ್ಲಾ? ಜನ ನನ್ನನ್ನ ಒಳ್ಳೆಯವಳು ಅಂತಾರೆ. ಅದು ಕೇಳಿ ಕೇಳಿ ಅಭ್ಯಾಸ ಆಗ್ಬಿಟ್ಟಿತ್ತು’ ಅಂದಳು. ತಿರಸ್ಕೃತ ಎಂದು ಬರೆಯುತ್ತಿದ್ದ ಪೆನ್ನು ಅರ್ಧದಲ್ಲಿ ನಿಂತಿತು. ಮುಖಕ್ಕೆ ಬಿಸಿ ಏರಿದ್ದು ಅವಳಿಗೇ ತಿಳಿಯಿತು. ಆ ಹೆಂಗಸಿನ ಹೆಸರಿನ ಮುಂದೆ ಬರೆದದ್ದನ್ನು ತನ್ನ ಹಣೆಯ ಮೇಲೂ ಬರೆದುಕೊಳ್ಳಬೇಕು ಅನ್ನಿಸಿತು. ಬಟ್ಟುಗಳನ್ನು ಒಂದೊಂದಾಗಿ ಪೆಟ್ಟಿಗೆಗಿಟ್ಟು ಬಸ್ ನಿಲ್ದಾಣಕ್ಕೆ ನಡೆದಳು.

ಭಾನುವಾರ ಮಧ್ಯಾಹ್ನ ಅವರ ಮನೆಯ ಊಟದ ಮೇಜಿನ ಸುತ್ತ ಆಡುವ ಆಟಕ್ಕೆ ಹಾಸು ಇಲ್ಲ, ಕಾಯಿ ಇಲ್ಲ. ಪ್ರತಿಯೊಬ್ಬರಿಗೂ ಒಂದು ಪಾತ್ರ. ತನ್ನ ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳಬೇಕು. ಉಳಿದದ್ದೆಲ್ಲ, ಊರು, ಗಾಳಿ, ನದಿ, ನಾಯಿ, ಸುಂಕದವನು, ಅವಳ ಬಾಯಿಂದ ಬರಬೇಕು, ಏಕೆಂದರೆ ಅವಳು ಕತೆ ಹೇಳುವವಳು. ಆಗುತ್ತದೋ ಇಲ್ಲವೋ ಎಂಬ ಕಡೆ ದಾಳ ಉರುಳಬೇಕು. ನಾಲ್ಕು ಅಥವಾ ಮೇಲೆ ಬಿದ್ದರೆ ಸುಸೂತ್ರ, ಎರಡು ಮೂರು ಬಿದ್ದರೆ ಹಾಗೂ ಹೀಗೂ. ಜೀವಕ್ಕೇ ಕುತ್ತು ಬಂದ ಘಟ್ಟದಲ್ಲಿ, ಅದು ಬರುವುದೇ ಅಪರೂಪ, ಒಂದು ಬಿದ್ದರೆ ಮಾತ್ರ ಆ ಪಾತ್ರದವರು ತಮ್ಮ ಚೀಟಿ ತೆರೆಯಬೇಕು. ಆಟ ಶುರುವಾದ ದಿನ ಪ್ರತಿಯೊಬ್ಬರೂ ತಮ್ಮ ಪಾತ್ರ ಯಾರಿಗೂ ಹೇಳದ ಒಂದು ಸಂಗತಿಯನ್ನು ಬರೆದು, ನಾಲ್ಕು ಮಡಿಕೆ ಮಾಡಿ, ಸಕ್ಕರೆಯ ಹಳೇ ಡಬ್ಬಿಯಲ್ಲಿ ಹಾಕಿದ್ದರು. ಪುಸ್ತಕವನ್ನು ಎಲ್ಲಿಂದಲೋ ತಂದದ್ದು ನಾದಿನಿ, ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ; ಯಾರದೋ ಜೆರಾಕ್ಸು, ನಲವತ್ತು ಪುಟ. ನಿಯಮ ಓದಿ ಅರ್ಥ ಹೇಳುವುದೇ ಅತ್ತಿಗೆಯ ಕಸುಬಲ್ಲವೇ ಎಂದು ಅವಳನ್ನು ಮೇಜಿನ ತಲೆಯ ಜಾಗದಲ್ಲಿ ಕೂರಿಸಿದ್ದೂ ನಾದಿನಿಯೇ. ಕೆಳಗಿನ ಮನೆಯ ಕೋರ್ಟ್ ಟೈಪಿಸ್ಟ್ ಸೇರಿಕೊಂಡರು. ಮಾತೆತ್ತಿದರೆ ‘ಇದು ಯಾವ ಕಲಮಿನಲ್ಲಿ ಬರತ್ತೆ?’ ಎನ್ನುವುದರಿಂದ ಅವರಿಗೆ ಕಲಂ ಎಂದೇ ಹೆಸರು, ಅವರ ಪಾತ್ರ ಮಾತ್ರ ಜೈಲು ಹಾರಿದ ಕಳ್ಳ. ಅತ್ತೆ ಸುಮ್ಮನೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೇರೆಯವರ ಮಾತಿಗೆ ತಂತಿ ಜೋಡಿಸಿ ಜೋಡಿಸಿ ತಮ್ಮ ಮಾತು ಸವೆದುಹೋದವರಂತೆ ಇರುತ್ತಿದ್ದವರು, ಅವಳು ನದಿಯನ್ನು ಬಣ್ಣಿಸುತ್ತಿದ್ದಾಗ ನಡುವೆ ಬಾಯಿ ಹಾಕಿ, ‘ಅಲ್ಲ, ಆ ನದೀನ ದಾಟಿಸೋರು ಯಾರು?’ ಎಂದು ಕೇಳಿದರು. ಯಾರೂ ಇಲ್ಲ ಅತ್ತೆ, ಅಂದಳು. ‘ಹಾಗಾದ್ರೆ ನಾನು’ ಅಂದರು, ಆ ದಿನವೇ ತಾವೂ ಒಂದು ಚೀಟಿ ಬರೆದು ಡಬ್ಬಿಗೆ ಹಾಕಿದರು. ಆ ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಹನ್ನೊಂದು ವರ್ಷದಿಂದ ಗ್ಯಾಸ್ ಮುಗೀತಾ, ಬಾಗಿಲು ಹಾಕಿದೆಯಾ ಬಿಟ್ಟರೆ ಹೆಚ್ಚು ಮಾತು ನಡೆದದ್ದಿಲ್ಲ. ನದಿ ಬಂದ ಮೇಲೆ ಮಾತು ಬಂತು. ವಾರದ ನಡುವೆ ತರಕಾರಿ ಹೆಚ್ಚುತ್ತ, ‘ನಿನ್ನ ನದಿಗೆ ಆ ತಿರುವಿನಲ್ಲಿ ಆಳ ಎಷ್ಟೇ?’ ಎಂದು ಅತ್ತೆ ಕೇಳುತ್ತಿದ್ದರು. ಎಂಟು ತಿಂಗಳು ಹಾಗೆ ನಡೆಯಿತು.

ಕಳೆದ ಭಾನುವಾರ ನದಿಗೆ ಪ್ರವಾಹ ಬಂದಿತ್ತು. ಈಚೆ ದಡದ ಊರು ಮುಳುಗುತ್ತಿದೆ, ಜನರನ್ನು ಎರಡು ಸಲಕ್ಕೆ ಆಚೆ ದಾಟಿಸಬೇಕು, ಇರುವುದು ಒಂದೇ ದೋಣಿ. ಅತ್ತೆಯ ಅಂಬಿಗಿತ್ತಿ ಮೊದಲ ಗುಂಪನ್ನು ಕೂರಿಸಿಕೊಂಡು ಹೊರಟಳು. ಹೇಳುವವಳು ತನ್ನ ಮುಂದೆ ನಿಲ್ಲಿಸಿಕೊಂಡಿದ್ದ ರಟ್ಟಿನ ಹಿಂದೆ ದಾಳ ಉರುಳಿಸಿದಳು. ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು, ಮೂರು ಮಡಿಕೆ, ಬೇರೆಯವರಿಗೆ ಕಾಣದ ಹಾಗೆ. ಒಂದು ಬಿತ್ತು. ಒಂದೇ ಚುಕ್ಕೆ, ನೆಟ್ಟಗೆ ಅವಳನ್ನೇ ನೋಡುತ್ತಿದ್ದ ಚುಕ್ಕೆ. ಎದುರಿಗೆ ಅತ್ತೆ ಕುತ್ತಿಗೆ ಚಾಚಿ ಕಾಯುತ್ತಿದ್ದರು, ಒಂದು ಕೈ ಆಗಲೇ ಸಕ್ಕರೆ ಡಬ್ಬಿಯ ಹತ್ತಿರ ಹೋಗಿತ್ತು. ಪಾಪ, ಹೆದರಿದ್ದಾರೆ, ಅಂದುಕೊಂಡಳು. ‘ಮೂರು,’ ಅಂದಳು. ‘ದೋಣಿ ವಾಲಿತು, ನೀರು ನುಗ್ಗಿತು, ಆದರೂ ಹೇಗೋ ದಡ ಮುಟ್ಟಿತು.’ ಕಲಂ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಡಬ್ಬಿಯ ಹತ್ತಿರವಿದ್ದ ಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. 

ಅವರಿಗೆ ಹೇಗೆ ತಿಳಿಯಿತು ಎನ್ನುವುದು ಅವಳಿಗೆ ಗುರುವಾರ ಹೊಳೆಯಿತು. ತನ್ನ ಕುರ್ಚಿಯ ಹಿಂದಿನ ಗಾಜಿನ ಬೀರುವನ್ನು ಒರೆಸುತ್ತಿದ್ದವಳಿಗೆ ಗಾಜಿನಲ್ಲಿ ಮೇಜು ಕಂಡಿತು, ಮೇಜಿನ ಮೇಲೆ ತಾನು ಕೂರುವ ಬದಿ, ಯಾರೋ ಬಿಟ್ಟುಹೋದ ಚಮಚ, ಅದರ ಮೇಲಿನ ಗೀರು ಕೂಡ. ಎಂಟು ತಿಂಗಳಿಂದ ಎದುರಿಗೆ ಕೂತ ಅತ್ತೆ ಪ್ರತಿ ದಾಳವನ್ನೂ ಈ ಗಾಜಿನಲ್ಲಿ ನೋಡಿದ್ದಾರೆ. ನೋಡಿಯೂ ಬಾಯಿ ಬಿಟ್ಟಿಲ್ಲ, ಏಕೆಂದರೆ ಎಂಟು ತಿಂಗಳೂ ಅವಳು ಬಿದ್ದದ್ದನ್ನೇ ಹೇಳಿದ್ದಳು. ಕೈಯಲ್ಲಿ ಒದ್ದೆಬಟ್ಟೆ ಹಿಡಿದು ನಿಂತಲ್ಲೇ ಬೆವರಿದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಯಿತಲ್ಲ! ಪೇಟೆಯ ತಕ್ಕಡಿಗಳಿಗೆಲ್ಲ ಸೀಲು ಹಾಕುವವಳು ಮನೆಯ ಮೇಜಿನ ಮೇಲೆ ಒಂದನ್ನು ಮೂರು ಅಂದಳು. ದಯೆಯಿಂದ ಅಂದೆ, ಎಂದು ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ, ಕಚೇರಿಯಲ್ಲಿ, ಸ್ನಾನದ ಮನೆಯಲ್ಲಿ ಹೇಳಿಕೊಂಡಳು. ಆದರೆ ಈ ಶನಿವಾರ ಆ ಮೊಳೆ ಅಂಗಡಿಯ ಹೆಂಗಸು ಒಂದು ಮಾತಿನಲ್ಲಿ ಅದನ್ನೂ ಕಿತ್ತುಕೊಂಡಿದ್ದಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ನಿಜವಾದ ಕಾರಣ ತಾನಾಗಿ ಬಂದು ಪಕ್ಕದಲ್ಲಿ ಕೂತಿತು. ಮದುವೆಯಾದ ಮೂರನೇ ತಿಂಗಳು ಅತ್ತೆ ಫೋನಿನಲ್ಲಿ ಯಾರಿಗೋ ‘ಏನ್ ಮಾಡೋದು, ಹೊಂದಿಕೊಂಡು ಹೋಗ್ತಿದೀನಿ’ ಅಂದಿದ್ದರು, ಬಾಗಿಲ ಹಿಂದೆ ಅವಳು ಬಟ್ಟೆ ಮಡಚುತ್ತಿದ್ದಳು. ಆ ಚೀಟಿಯಲ್ಲಿ ಅದೇ ಇರಬೇಕು, ಪಾತ್ರದ ಹೆಸರಿನಲ್ಲಿ ಸೊಸೆಯ ಬಗ್ಗೆ, ಎಲ್ಲರೆದುರಿಗೆ ಓದುತ್ತಾರೆ ಎಂದು ಎಂಟು ತಿಂಗಳಿಂದ ಅವಳು ಹೆದರಿದ್ದಳು. ಅತ್ತೆಯನ್ನಲ್ಲ, ತನ್ನನ್ನು ಉಳಿಸಿಕೊಂಡಿದ್ದಳು. ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದು ಆಮೇಲೆ ಗೊತ್ತಾಯಿತು, ನಡೆದು ವಾಪಸು ಬಂದಳು.

ಮನೆಗೆ ಬಂದಾಗ ಅತ್ತೆ ದಿಂಬಿನ ಕವರಿಗೆ ಗುಂಡಿ ಹೊಲಿಯುತ್ತಿದ್ದರು. ತಲೆ ಎತ್ತದೆ, ‘ನಾಳೆ ನಾನು ಕೂರಲ್ಲ’ ಅಂದರು. ಯಾಕತ್ತೆ, ಎಂದು ಕೇಳಿದಳು. ‘ನನ್ನ ಅಂಬಿಗಿತ್ತೀನೂ ನೀನೇ ಆಡ್ಕೊಂಡ್ಬಿಡು. ಏನ್ ಬೀಳಬೇಕು, ಯಾರು ದಡ ಮುಟ್ಟಬೇಕು ಎಲ್ಲಾ ನಿನಗೇ ಗೊತ್ತಿರುವಾಗ ನಾವ್ಯಾಕೆ ಸುಮ್ನೆ?’ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಲೈನ್ ಸಿಗುತ್ತಿಲ್ಲ ಎಂದು ಹೇಳುವಾಗಿನ ಹಳೆಯ ಎಕ್ಸ್‌ಚೇಂಜಿನ ಧ್ವನಿ ಅದು. ಹಲ್ಲಿನಿಂದ ದಾರ ಕಡಿದು ಗುಂಡಿಯನ್ನು ಒಮ್ಮೆ ಎಳೆದು ನೋಡಿದರು. ಅವಳು ಕೋಣೆಗೆ ಹೋಗಿ, ಸೀರೆ ಕೂಡ ಬದಲಿಸದೆ, ಜೆರಾಕ್ಸ್ ಪುಸ್ತಕ ತೆಗೆದುಕೊಂಡು ಕೂತಳು. ಅತ್ತೆ ಎದ್ದು ಹೋದರೆ ಮೇಜು ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ನದಿ ಬತ್ತಿದರೆ ಮತ್ತೆ ಗ್ಯಾಸ್ ಮುಗೀತಾ, ಬಾಗಿಲು ಹಾಕಿದೆಯಾ. ಇನ್ನೆಷ್ಟು ವರ್ಷ? ನಲವತ್ತು ಪುಟವನ್ನೂ ಇಲಾಖೆಯ ಸುತ್ತೋಲೆ ಓದುವ ಹಾಗೆ ಬೆರಳಿಟ್ಟು ಓದಿದಳು. ಒಂಬತ್ತನೇ ಪುಟ: ಮೇಜಿನ ಮೇಲೆ ಹೇಳಿದ್ದು ಆಗಿಹೋದದ್ದು, ಅದನ್ನು ಯಾರೂ ಅಳಿಸುವಂತಿಲ್ಲ. ಇಪ್ಪತ್ತೆರಡನೇ ಪುಟ: ಬಿದ್ದ ದಾಳ ಮೇಜಿನದು, ಹೇಳುವವರದಲ್ಲ. ಒಂದರ ಪ್ರಕಾರ ದೋಣಿ ದಡ ಮುಟ್ಟಿದೆ. ಇನ್ನೊಂದರ ಪ್ರಕಾರ ಮುಟ್ಟಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದವಳ ಹಾಗೆ ಎರಡು ಪುಟಗಳ ನಡುವೆ ಓಡಾಡಿದಳು. ಇನ್ನೊಂದು ಸಂಗತಿಗೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಲವತ್ತು ಪುಟದಲ್ಲಿ ಎಲ್ಲೂ ರಟ್ಟಿನ ಮಾತೇ ಇರಲಿಲ್ಲ. ಅಂಥ ನಿಯಮವೇ ಇಲ್ಲ. ಮೊದಲ ದಿನ, ತಪ್ಪು ಮಾಡಿದರೆ ಯಾರಿಗೂ ಕಾಣದಿರಲಿ ಎಂದು ತಾನೇ ಕತ್ತರಿಸಿ, ಮಡಚಿ, ನಿಲ್ಲಿಸಿ, ಆಮೇಲೆ ಅದು ಪುಸ್ತಕದಲ್ಲಿದೆ ಎಂದೇ ನಂಬಿದ್ದಳು.

ಭಾನುವಾರ ಮೂರು ಗಂಟೆಗೆ ಕಲಂ ತಮ್ಮ ಪೆನ್ಸಿಲು ರಬ್ಬರಿನೊಂದಿಗೆ ಬಂದರು, ನಾದಿನಿ ಒಂದು ಪೊಟ್ಟಣ ಬಿಸ್ಕತ್ತಿನೊಂದಿಗೆ ಬಂದಳು. ಗಂಡ ಎಂದಿನಂತೆ ಪಕ್ಕದ ಕೋಣೆಯ ಸೋಫಾದಲ್ಲಿ ಪದಬಂಧ ಹಿಡಿದು ಮಲಗಿದ್ದ. ಈ ಆಟ ಅವನಿಗೆ ‘ನಿಮ್ಮ ಬೊಂಬೆಯಾಟ’. ಅತ್ತೆ ತಮ್ಮ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಅವಳು ಬಾಗಿಲ ಬಳಿ ಹೋಗಿ ನಿಂತು, ಅಲ್ಲಿಂದಲೇ, ಮೂವರಿಗೂ ಕೇಳುವ ಹಾಗೆ ಹೇಳಿದಳು. ಬಸ್ಸಿನಿಂದ ಇಳಿದಾಗಿನಿಂದ ಪೂರ್ವತಯಾರಿ ಮಾಡಿಕೊಂಡ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ‘ಹೋದ ವಾರ ಬಿದ್ದಿದ್ದು ಒಂದು. ನಾನು ಮೂರು ಅಂದೆ. ಸುಳ್ಳು ಹೇಳಿದೆ.’ ಕಲಂ ಪೆನ್ಸಿಲು ಕೆಳಗಿಟ್ಟರು. ‘ಅತ್ತೆಗೆ ಹೆದರಿಕೆ ಆಗತ್ತೆ ಅಂತ ಅಲ್ಲ. ನನಗೇ ಹೆದರಿಕೆ ಆಯ್ತು, ಚೀಟಿಯಲ್ಲಿ ನನ್ನ ಬಗ್ಗೆ ಏನಾದ್ರೂ ಇದ್ರೆ ಅಂತ.’ ಹೇಳಿದ ಮೇಲೆ ಕಿವಿ ಬಿಸಿಯಾಗಿ, ನೆಲದ ಒಂದು ಟೈಲನ್ನು ನೋಡುತ್ತ ನಿಂತಳು. ಒಳಗಿನಿಂದ ಮಂಚ ಕಿರುಗುಟ್ಟಿತು. ಅತ್ತೆ ಕನ್ನಡಕ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದರು. ‘ನಿನ್ನ ಬಗ್ಗೆ?’ ಅಂದರು. ನಿಜವಾಗಿ ಆಶ್ಚರ್ಯವಾದ ಮುಖ. ‘ನಿನ್ನ ಬಗ್ಗೆ ನಾನ್ಯಾಕೆ ಬರೀಲೇ? ನಾನೊಬ್ಬ ಅಂಬಿಗಿತ್ತಿ. ನಿನಗೂ ನನ್ನ ದೋಣಿಗೂ ಏನ್ ಸಂಬಂಧ?’ ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ‘ಎಂಟು ತಿಂಗಳು ಕಾದಿದೀನಿ ಕಣೇ. ಯಾವಾಗ ಒಂದು ಬೀಳತ್ತೆ, ಯಾವಾಗ ಓದ್ತೀನಿ ಅಂತ. ಕೊನೆಗೂ ಬಿತ್ತು. ನೀನು ನುಂಗ್ಬಿಟ್ಟೆ’ ಅಂದರು. ಕಾಯುತ್ತಿದ್ದ ಆ ಕುತ್ತಿಗೆ, ಡಬ್ಬಿಯ ಕಡೆ ಹೋದ ಆ ಕೈ. ಹೆದರಿಕೆ ಎಂದು ಓದಿದ್ದು ಆಸೆಯಾಗಿತ್ತು. 

‘ಈಗ ಕಲಂ ಏನ್ ಹೇಳತ್ತೆ?’ ನಾದಿನಿ ಇಬ್ಬರ ಮುಖವನ್ನೂ ನೋಡಿ ಕೇಳಿದಳು. ಕಲಂ ಆಗಲೇ ಪುಸ್ತಕ ತೆರೆದಿದ್ದರು. ‘ಒಂಬತ್ತನೇ ಪುಟ. ಹೇಳಿದ್ದು ಹೇಳಿದ್ದೇ. ದೋಣಿ ದಡ ಸೇರಿದೆ, ಜನ ಇಳಿದಿದಾರೆ, ನನ್ನ ಕಳ್ಳ ಆಗಲೇ ಅಲ್ಲಿ ಒಂದು ಕೋಳಿ ಕದ್ದಿದಾನೆ. ಅದನ್ನೆಲ್ಲ ಅಳಿಸೋಕೆ ಬರಲ್ಲ ಮೇಡಂ.’ ‘ಇಪ್ಪತ್ತೆರಡು ನೋಡಿ,’ ಅಂದಳು ಅವಳು. ಅವರು ನೋಡಿದರು, ಹುಬ್ಬು ಗಂಟಿಕ್ಕಿತು. ಟೈಪಿಸ್ಟರ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಟೈಪು ಮಾಡತೊಡಗಿದವು. ಆಗ, ಕಚೇರಿಯಲ್ಲಿ ಎರಡು ಸುತ್ತೋಲೆಗಳು ಎದುರುಬದುರಾದಾಗ ಆಗುವ ಹಾಗೆ, ಅವಳ ತಲೆ ಇದ್ದಕ್ಕಿದ್ದಂತೆ ತಿಳಿಯಾಯಿತು. ಎರಡೂ ನಿಯಮಗಳು ನಿಜವಾಗಿರುವ ಒಂದು ಜಾಗ ಇರಲೇಬೇಕು, ಇತ್ತು ಕೂಡ. ‘ದೋಣಿ ದಡ ಮುಟ್ಟಿದೆ,’ ಅಂದಳು. ‘ಅದು ಆಗಿಹೋದದ್ದು. ಆದರೆ ಅರ್ಧ ಊರು ಇನ್ನೂ ಈಚೆಗೇ ಇದೆ. ಅಂಬಿಗಿತ್ತಿ ವಾಪಸ್ ಬಂದು ಎರಡನೇ ಗುಂಪನ್ನ ಕೂರಿಸಿಕೊಂಡಿದಾಳೆ. ಬಿದ್ದ ಒಂದು ಮೇಜಿನ ಮೇಲೇ ಇದೆ, ಅದನ್ನ ಯಾರೂ ಇನ್ನೂ ಬಳಸಿಲ್ಲ. ಅದು ಈ ಸಲದ್ದು.’ ಕಲಂ ಒಂಬತ್ತಕ್ಕೂ ಇಪ್ಪತ್ತೆರಡಕ್ಕೂ ಎರಡೆರಡು ಸಲ ಹೋಗಿ ಬಂದರು. ಆಮೇಲೆ ತೀರ್ಪು ಓದುವವರ ಹಾಗೆ ಕನ್ನಡಕ ತೆಗೆದರು. ‘ಊರ್ಜಿತ,’ ಅಂದರು. ನಾದಿನಿ, ‘ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಅತ್ತಿಗೆ, ನಿಮ್ಮ ಇಲಾಖೆ ನಿಮ್ಮನ್ನ ಸುಮ್ನೆ ಇಟ್ಕೊಂಡಿಲ್ಲ’ ಎಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡಳು. ಹೇಳುವವಳು ರಟ್ಟನ್ನು ಮಡಚಿ ಮೇಜಿನ ಮೇಲೆ ಮಲಗಿಸಿದಳು. ‘ಇದು ಯಾವ ಕಲಮಿನಲ್ಲೂ ಇಲ್ಲ’ ಅಂದಾಗ ಕಲಂ ತಲೆ ಕೆರೆದುಕೊಂಡು, ‘ನನಗೂ ಸಿಕ್ಕಿರಲಿಲ್ಲ ಮೇಡಂ. ಇನ್ಸ್‌ಪೆಕ್ಟರ್ ಇಟ್ಟಿದಾರೆ ಅಂದ್ಮೇಲೆ ಎಲ್ಲೋ ಇರಬೇಕು ಅಂದ್ಕೊಂಡೆ’ ಅಂದರು. ಅವಳು ದಾಳವನ್ನು ತೆಗೆದುಕೊಂಡು ಒಂದೇ ಚುಕ್ಕೆಯ ಮುಖ ಮೇಲಾಗಿ, ಎಲ್ಲರ ಕಣ್ಣೆದುರಿಗೆ, ಮೇಜಿನ ನಡುವೆ ಇಟ್ಟಳು. ಕೈ ನಡುಗಲಿಲ್ಲ.

ಅತ್ತೆ ಡಬ್ಬಿಯೊಳಗೆ ಎರಡು ಬೆರಳಿಟ್ಟು ತಮ್ಮ ಚೀಟಿಯನ್ನು ಹುಡುಕಿ ತೆಗೆದರು. ಎಂಟು ತಿಂಗಳ ಮಡಿಕೆ, ಸಕ್ಕರೆಯ ಎರಡು ಹರಳು ಅಂಟಿಕೊಂಡಿದ್ದವು. ಬಿಚ್ಚಿದರು, ಓದದೆಯೇ ಹೇಳಿದರು. ‘ನನಗೆ ಈಜು ಬರಲ್ಲ.’

 ನಾದಿನಿಗೆ ನಗು ಬಂತು, ಅವಳಿಂದ ಕಲಂಗೆ. ನಲವತ್ತು ವರ್ಷ ಊರಿಗೆ ಊರನ್ನೇ ದಾಟಿಸಿದ ಅಂಬಿಗಿತ್ತಿಗೆ ಈಜು ಬರುವುದಿಲ್ಲವಂತೆ! ಸೊಸೆಗೂ ನಗು ಬಂತು, ಆದರೆ ಅವಳ ನಗುವಿಗೆ ಕಣ್ಣೀರು ಬೆರೆತಿತ್ತು. ಹನ್ನೊಂದು ವರ್ಷ ತಾನು ಹೊತ್ತ ಬಾಗಿಲ ಹಿಂದಿನ ಮಾತಿಗೂ ಆ ಚೀಟಿಗೂ ಯಾವ ಸಂಬಂಧವೂ ಇರಲಿಲ್ಲ. ಅದರಲ್ಲಿ ತಾನು ಇರಲೇ ಇಲ್ಲ. ಅವಮಾನವಾದ ಹಾಗೂ ಆಯಿತು, ಬೆನ್ನ ಮೇಲಿನ ಮೂಟೆ ಜಾರಿಬಿದ್ದ ಹಾಗೂ ಆಯಿತು. ‘ಅಮ್ಮಾ, ನಿನಗೂ ಬರಲ್ವಲ್ಲ’ ಎಂದಳು ನಾದಿನಿ, ನಗುವ ನಡುವೆ. ‘ಬರಲ್ಲ. ಅದಕ್ಕೇ ಚೆನ್ನಾಗಿ ಗೊತ್ತು’ ಅಂದರು ಅತ್ತೆ. ‘ಈಗ ನಗು ಸಾಕು. ನೀರು ಏರ್ತಿದೆ.’ ಚೀಟಿ ತೆರೆದವರು ಆ ದಾಟುವಿಕೆ ಮುಗಿಯುವವರೆಗೆ ಹೇಳುವವರು, ಹೇಳುವವಳು ಕೇಳುವವಳಾಗಬೇಕು. ಅದು ಹದಿನೇಳನೇ ಪುಟ, ಎಂಟು ತಿಂಗಳಲ್ಲಿ ಒಮ್ಮೆಯೂ ಬಳಸದ ಪುಟ. ಅವಳು ತಲೆಯ ಜಾಗದ ಕುರ್ಚಿಯಿಂದ ಎದ್ದಳು, ಅತ್ತೆ ಬಂದು ಅಲ್ಲಿ ಕೂತರು.

ಆಮೇಲೆ ಅತ್ತೆ ಮಾತಾಡಿದರು. ಅಷ್ಟು ಮಾತನ್ನು ಆ ಮನೆಯಲ್ಲಿ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ನಡುನೀರಿನಲ್ಲಿ ಹುಟ್ಟು ಮುರಿಯಿತು ಅಂದರು. ದೋಣಿಯಲ್ಲಿದ್ದವರೆಲ್ಲ ಗಂಟುಮೂಟೆ ತಬ್ಬಿಕೊಂಡು ಅಂಬಿಗಿತ್ತಿಯ ಮುಖವನ್ನೇ ನೋಡುತ್ತ ಕೂತಿದ್ದರು ಅಂದರು. ಅವಳಿದ್ದಾಳಲ್ಲ, ಅವಳಿಗೆಲ್ಲ ಗೊತ್ತು ಎಂಬ ಧೈರ್ಯದಿಂದ ಒಬ್ಬರೂ ಕೈ ಎತ್ತಲಿಲ್ಲ. ‘ಆಗ ಅವಳು ಎದ್ದು ನಿಂತು ಹೇಳ್ತಾಳೆ. ನೋಡ್ರಪ್ಪಾ, ನಲವತ್ತು ವರ್ಷ ಮುಚ್ಚಿಟ್ಟಿದ್ದೆ. ನನಗೆ ಈಜು ಬರಲ್ಲ. ಮುಳುಗಿದ್ರೆ ನಿಮಗಿಂತ ಮುಂಚೆ ನಾನೇ ಹೋಗೋದು. ಈಗ ಹೇಳಿ, ನಿಮ್ಮಲ್ಲಿ ಯಾರಿಗೆ ಏನ್ ಬರತ್ತೆ?’ ಅತ್ತೆ ಮೇಜಿನ ಸುತ್ತ ಒಬ್ಬೊಬ್ಬರನ್ನೇ ನೋಡಿದರು. ಕಲಂ ಆಗಲೇ ಎದ್ದು ನಿಂತಿದ್ದರು. ‘ನನ್ನ ಕಳ್ಳನಿಗೆ ಈಜು ಬರತ್ತೆ! ಜೈಲಿಂದ ಇನ್ ಹೇಗೆ ತಪ್ಪಿಸಿಕೊಂಡ ಅಂದ್ಕೊಂಡ್ರಿ? ಆಚೆ ದಡದಲ್ಲಿದಾನೆ. ಸೊಂಟಕ್ಕೆ ಹಗ್ಗ ಕಟ್ಕೊಂಡು ಹಾರಿದ!’ ನಾದಿನಿಯ ಪಾತ್ರ ಸೂಲಗಿತ್ತಿ, ಅವಳು ದೋಣಿಯಲ್ಲಿದ್ದಳು. ‘ಮಕ್ಕಳನ್ನೆಲ್ಲ ನಡುವೆ ಕೂರಿಸ್ದೆ, ಪಾತ್ರೆ ಇದ್ದೋರೆಲ್ಲ ನೀರು ಎತ್ತಿ ಹಾಕ್ರಿ ಅಂದೆ!’ ಎಂದು ಬಿಸ್ಕತ್ತಿನ ತಟ್ಟೆಯಲ್ಲೇ ಎತ್ತಿಹಾಕಿ ತೋರಿಸಿದಳು. ಪುಡಿ ಹಾರಿತು. ಸೊಸೆ ಮಾತ್ರ ಬದಿಯಲ್ಲಿ ನಿಂತಿದ್ದಳು, ಅವಳಿಗೆ ಪಾತ್ರವಿರಲಿಲ್ಲ, ಎಂದೂ ಇರಲಿಲ್ಲ. ಅತ್ತೆ ಅವಳ ಕಡೆ ತಿರುಗಿದರು. ‘ನೀನ್ಯಾಕೆ ದಡದಲ್ಲಿ ನಿಂತಿದೀಯ? ಹುಟ್ಟು ಮುರಿದಿದೆ ಅಂತ ಹೇಳಲಿಲ್ವಾ? ತಗೋ.’ ಮಲಗಿಸಿದ್ದ ರಟ್ಟನ್ನು ಎತ್ತಿ ಅವಳ ಕೈಗೆ ಕೊಟ್ಟರು. ‘ಹಾಕು!’

ಅವಳು ಹಾಕಿದಳು. ಮೊದಲು ನಾಚಿಕೆಯಿಂದ, ಕುರ್ಚಿಯ ಅಂಚಿನಲ್ಲಿ ಕೂತು, ಕ್ಯಾಲೆಂಡರಿನ ರಟ್ಟಿನಿಂದ ಮೇಜಿನ ಪಕ್ಕದ ಗಾಳಿಯನ್ನು ಎರಡು ಸಲ ಎಳೆದಳು. ‘ಅದೇನು ಸೊಳ್ಳೆ ಓಡಿಸ್ತಿದೀಯಾ? ಹಾಕು!’ ಎಂದು ಅತ್ತೆ ಕೂಗಿದರು. ಆಗ ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಇಡೀ ಮೈಯಿಂದ ಹಾಕಿದಳು. ಬಾಗಿಲ ಹಿಂದೆ ಬಟ್ಟೆ ಮಡಚುತ್ತಿದ್ದ ಆ ಹುಡುಗಿ ಎಲ್ಲೋ ಹಿಂದಿನ ದಡದಲ್ಲಿ ಸಣ್ಣಗಾಗುತ್ತ ಹೋದಳು. ಬೆವರಿದ ಬರಿಗೈಗಳ ಗುರುತು ರಟ್ಟಿನ ಮೇಲೆ ಬೀಳುತ್ತಿತ್ತು, ಬೀಳಲಿ. ಕಲಂ ಹಗ್ಗ ಎಳೆಯುತ್ತಿದ್ದರು, ನಾದಿನಿ ನೀರು ಎತ್ತುತ್ತಿದ್ದಳು, ಅತ್ತೆ ಎದ್ದು ನಿಂತು, ಒಂದು ಕೈ ಮೇಜಿನ ಮೇಲೆ ಊರಿ, ಇನ್ನೊಂದು ಕೈಯಿಂದ ದಾರಿ ತೋರಿಸುತ್ತ, ಎಡಕ್ಕೆ, ಎಡಕ್ಕೆ, ಆ ತಿರುವಿನಲ್ಲಿ ಆಳ ಇದೆ, ಎಳೀರಿ, ಎಂದು ಮೂವತ್ತು ವರ್ಷ ಬೇರೆಯವರಿಗೆ ಎರವಲು ಕೊಟ್ಟಿದ್ದ ಧ್ವನಿಯನ್ನು ಒಂದೇ ಉಸಿರಿಗೆ ವಾಪಸು ಪಡೆದವರಂತೆ ಕೂಗುತ್ತಿದ್ದರು. ಮಧ್ಯದಲ್ಲಿ ದಾಳ ತನ್ನ ಒಂದೇ ಚುಕ್ಕೆಯನ್ನು ಮೇಲೆ ಮಾಡಿಕೊಂಡು ಸುಮ್ಮನೆ ಕೂತಿತ್ತು. ‘ಮರಳು!’ ಅಂದರು ಅತ್ತೆ. ‘ತಳಕ್ಕೆ ಮರಳು ತಾಗಿತು!’ ಕಲಂ ಎರಡೂ ಕೈ ಮೇಲೆತ್ತಿ ಕಿರುಚಿದರು, ನಾದಿನಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು.

ಪದಬಂಧ ಕೈಯಲ್ಲೇ ಹಿಡಿದು ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. ನೆಲದ ತುಂಬ ಬಿಸ್ಕತ್ತಿನ ಪುಡಿ, ತಲೆಯ ಜಾಗದಲ್ಲಿ ಕೆದರಿದ ಕೂದಲಿನ ತಾಯಿ, ರಟ್ಟು ಹಿಡಿದು ಏದುಸಿರು ಬಿಡುತ್ತಿದ್ದ ಹೆಂಡತಿ. ‘ಏನ್ ಗಲಾಟೆ ಇದು? ಯಾರು ಗೆದ್ರು?’ ಎಂದು ಕೇಳಿದ. ಅತ್ತೆ ಉತ್ತರ ಕೊಡಲಿಲ್ಲ, ಹೇಳು ಎನ್ನುವ ಹಾಗೆ ಸೊಸೆಯ ಕಡೆ ಗದ್ದ ಎತ್ತಿದರು.

‘ದಾಟಿದ್ವಿ ಕಣ್ರೀ,’ ಅಂದಳು ಅವಳು. ‘ಎಲ್ಲಾರೂ.’